ಬೆಂಕಿ ರೋಗ ಮತ್ತು ಕೈಟೊಸಾನ್ ನ್ಯಾನೊ ಕಣಗಳು: ರೈತರು ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

ಶ್ರೀರಂಗಪಟ್ಟಣ ಹಾಗೂ ಪಾಂಡವಪುರ ತಾಲ್ಲೂಕುಗಳ ವಿಶ್ವೇಶ್ವರಯ್ಯ ನಾಲಾ ಅಚ್ಚುಕಟ್ಟಿನಲ್ಲಿ ಭತ್ತವೂ, ನಾಗಮಂಗಲ ಮತ್ತು ಕೃಷ್ಣರಾಜಪೇಟೆ ತಾಲ್ಲೂಕುಗಳ ಖುಷ್ಕಿ ಜಮೀನುಗಳಲ್ಲಿ ರಾಗಿಯೂ ಮುಖ್ಯ ಬೆಳೆಗಳಾಗಿರುತ್ತವೆ. ಈ ಎರಡೂ ಬೆಳೆಗಳನ್ನು ಬೆಂಕಿ ರೋಗವು ಬಾಧಿಸುತ್ತದೆ. ಮೋಡ ಕವಿದ ವಾತಾವರಣ, ತಂಪಾದ ರಾತ್ರಿ, ಎಲೆಯ ಮೇಲೆ ಬಹಳ ಹೊತ್ತು ನಿಲ್ಲುವ ಇಬ್ಬನಿ ಹಾಗೂ ಯೂರಿಯಾದ ಅತಿಬಳಕೆಯಿಂದ ಈ ಶಿಲೀಂಧ್ರ ರೋಗವು ಉಲ್ಬಣಿಸುತ್ತದೆ. ತೆನೆಯ ಕುತ್ತಿಗೆಗೆ ತಗುಲಿದಲ್ಲಿ ಕಾಳು ಜಳ್ಳಾಗಿ ವರ್ಷದ ಶ್ರಮವೇ ವ್ಯರ್ಥವಾಗುತ್ತದೆ.

ಈ ರೋಗಕ್ಕೆ ನೈಸರ್ಗಿಕ ಪರಿಹಾರವೆಂದು ಕೈಟೊಸಾನ್ ಎಂಬ ವಸ್ತುವಿನ ಹೆಸರು ಕೇಳಿಬರುತ್ತಿದೆ. ಸೀಗಡಿ ಮತ್ತು ಏಡಿಯ ಚಿಪ್ಪಿನಲ್ಲಿರುವ ಕೈಟಿನ್ ಅನ್ನು ಕ್ಷಾರದಿಂದ ಸಂಸ್ಕರಿಸಿ ಇದನ್ನು ಪಡೆಯಲಾಗುತ್ತದೆ. ಶಿಲೀಂಧ್ರಗಳ ಕೋಶಭಿತ್ತಿಯಲ್ಲಿಯೂ ಕೈಟಿನ್ ಇರುತ್ತದೆ. ಆದಕಾರಣ ಕೈಟೊಸಾನ್ ಸೋಕಿದ ಸಸ್ಯವು ಶಿಲೀಂಧ್ರವೇ ದಾಳಿಯಿಟ್ಟಿತೆಂಬಂತೆ ವರ್ತಿಸಿ, ತನ್ನ ರಕ್ಷಣಾ ಕಿಣ್ವಗಳನ್ನು ಮುಂಚಿತವಾಗಿಯೇ ಸಜ್ಜುಗೊಳಿಸುತ್ತದೆ. ಇದನ್ನು ಅತಿಸೂಕ್ಷ್ಮ ಕಣಗಳಾಗಿ ಪರಿವರ್ತಿಸಿದಾಗ ಸಸ್ಯದೊಡನೆ ಸಂಪರ್ಕವು ಹೆಚ್ಚುತ್ತದೆ. ಇದು ರೋಗ ಬಂದ ಮೇಲೆ ನೀಡುವ ಔಷಧಿಗಿಂತ ಮೊದಲೇ ಹಾಕಿಸುವ ಲಸಿಕೆಗೆ ಹೆಚ್ಚು ಸಮೀಪವಾಗಿದೆ.

ನೆರೆಯ ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕಣಗಳಿಂದ ಬೀಜೋಪಚಾರ ಮಾಡಿದ ಸಜ್ಜೆಯು ಬೂಜು ತುಪ್ಪಟ ರೋಗಕ್ಕೆ ನಿರೋಧಕತೆ ತೋರಿದೆ. ನಮ್ಮ ಬೆಳೆಗಳಿಗೆ ಇನ್ನೂ ಹತ್ತಿರದ ಪ್ರಯೋಗಗಳು ತಮಿಳುನಾಡಿನ ಗಾಂಧಿಗ್ರಾಮ ಗ್ರಾಮೀಣ ಸಂಸ್ಥೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದವು. ರಾಗಿ ಸಸಿಗಳಿಗೆ ಸಿಂಪಡಿಸಿದಾಗ ಬೆಂಕಿ ರೋಗದ ಲಕ್ಷಣಗಳು ತಡವಾಗಿ ಕಾಣಿಸಿಕೊಂಡವು. ಭತ್ತದಲ್ಲಿಯಾದರೋ ಗಿಡದಿಂದ ಬೇರ್ಪಡಿಸಿದ ಎಲೆಗಳ ಮೇಲೆ ಪರೀಕ್ಷೆ ನಡೆಸಲಾಗಿತ್ತು. ಪ್ರಯೋಗಾಲಯದ ಎಲೆಗೂ ಮಳೆ ಗಾಳಿಗೆ ಒಡ್ಡಿಕೊಂಡ ಗದ್ದೆಗೂ ಇರುವ ಅಂತರವನ್ನು ರೈತರಿಗೆ ವಿವರಿಸುವ ಅಗತ್ಯವಿಲ್ಲ.

ಖರ್ಚಿನ ದೃಷ್ಟಿಯಿಂದ ನೋಡಿದಲ್ಲಿ ಬೀಜೋಪಚಾರದ ಮಾರ್ಗವೇ ಹೆಚ್ಚು ಆಶಾದಾಯಕವೆನಿಸುತ್ತದೆ. ಕೂರಿಗೆ ಬಿತ್ತನೆಗೆ ಎಕರೆಯೊಂದಕ್ಕೆ ಸುಮಾರು 4ರಿಂದ 5 ಕಿಲೊ ರಾಗಿ ಬೀಜ ಸಾಕಾಗುತ್ತದೆ. ಅದೇ ಎಕರೆಗೆ ಸಿಂಪರಣೆ ಮಾಡಲು ಸುಮಾರು 200 ಲೀಟರ್ ದ್ರಾವಣ ಬೇಕು.

ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯು 2020ರಲ್ಲಿ ನ್ಯಾನೊ ಕೃಷಿ ಪರಿಕರಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಪ್ರಕಟಿಸಿದೆ. 2021ರಲ್ಲಿ ನ್ಯಾನೊ ಯೂರಿಯಾವನ್ನು ರಸಗೊಬ್ಬರ ನಿಯಂತ್ರಣ ಆದೇಶದಡಿ ಅಧಿಸೂಚಿಸಲಾಯಿತು. ಅದು ಪೋಷಕಾಂಶವೇ ಹೊರತು ರೋಗನಿವಾರಕವಲ್ಲ. ‘ನ್ಯಾನೊ’ ಎಂಬ ಪದವೊಂದನ್ನೇ ನೋಡಿ ಎರಡನ್ನೂ ಒಂದೆಂದು ಭಾವಿಸಬಾರದು.

ಬೆಳೆಯ ರೋಗವನ್ನು ಹತೋಟಿ ಮಾಡುವುದಾಗಿ ಹೇಳಿ ಮಾರುವ ಪೀಡೆನಾಶಕಕ್ಕೆ ಕೀಟನಾಶಕಗಳ ಕಾಯಿದೆ, 1968ರ ಅಡಿಯಲ್ಲಿ ನೋಂದಣಿ ಅವಶ್ಯಕ. ಬಾಟಲಿಯ ಚೀಟಿಯಲ್ಲಿ ನೋಂದಣಿ ಸಂಖ್ಯೆ, ತಯಾರಿಕಾ ಪರವಾನಗಿ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇವೆಯೇ ಎಂದು ಪರಿಶೀಲಿಸತಕ್ಕದ್ದು. ಚೀಟಿಯಲ್ಲಿ ಬೆಳೆ ಪ್ರಚೋದಕವೆಂದು ಮಾತ್ರ ಮುದ್ರಿತವಾಗಿದ್ದು, ಮಾರಾಟಗಾರರು ಬಾಯಿಮಾತಿನಲ್ಲಿ ಬೆಂಕಿ ರೋಗ ಹೋಗುತ್ತದೆಂದು ಹೇಳಿದಲ್ಲಿ ಅದನ್ನು ನಂಬಬೇಕಾಗಿಲ್ಲ. ರಸೀದಿ ಕೊಡಲೊಪ್ಪದ ಅಂಗಡಿಯಿಂದ ಯಾವುದೇ ಪರಿಕರ ಖರೀದಿಸದಿರುವುದು ಕ್ಷೇಮ.

ಸಂಶಯಾಸ್ಪದ ಪರಿಕರಗಳ ಬಗ್ಗೆ ರಸೀದಿಯ ಪ್ರತಿಯೊಂದಿಗೆ ಸಂಬಂಧಪಟ್ಟ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ನೀಡಬಹುದು. ಮಾರಾಟ ಮಳಿಗೆಯಿಂದ ಮಾದರಿ ತೆಗೆದು ವಿಶ್ಲೇಷಣೆಗೆ ಕಳುಹಿಸುವ ಅಧಿಕಾರವು ಕೀಟನಾಶಕ ಪರಿವೀಕ್ಷಕರಿಗೆ ಇರುತ್ತದೆ. ಬೆಂಕಿ ರೋಗ ನಿರೋಧಕ ರಾಗಿ ತಳಿಯಾದ ಜಿಪಿಯು-28 ಹಾಗೂ ಮಂಡ್ಯದ ವಿ.ಸಿ. ಫಾರಂನಲ್ಲಿ ಅಭಿವೃದ್ಧಿಪಡಿಸಲಾದ ಕೆಎಂಆರ್ ತಳಿಗಳ ಬೀಜದ ಲಭ್ಯತೆಯನ್ನು ಅದೇ ಕೇಂದ್ರದಲ್ಲಿ ವಿಚಾರಿಸಬಹುದು. ರಿಯಾಯಿತಿ ದರದ ಬೀಜಕ್ಕೆ ಅರ್ಜಿ ಸಲ್ಲಿಸುವವರು ಫ್ರೂಟ್ಸ್ ಗುರುತಿನ ಸಂಖ್ಯೆಯನ್ನು ಜೊತೆಗೆ ತರತಕ್ಕದ್ದು.