ಅನ್ನ, ಆಶ್ರಯ, ಅಕ್ಷರ

ಹಸಿದವನಿಗೆ ಅನ್ನವಿಕ್ಕುವದು ಪುಣ್ಯಕಾರ್ಯವೆಂಬದನ್ನು ಒಪ್ಪದವರು ನಮ್ಮ ನಾಡಿನಲ್ಲಿಲ್ಲ. ಆದರೆ ಹಬ್ಬದ ದಿನ ನೂರು ಎಲೆ ಹಾಕಿಸಿ ಮರುದಿನವೇ ಹಸಿದವನ ಮುಖವನ್ನು ಮರೆಯುವ ಔದಾರ್ಯದಿಂದ ಪಟ್ಟಣದ ಹಸಿವೆಯು ಹಿಂಗಲಾರದು. ಹಸಿವೆಯು ನಿತ್ಯದ್ದು, ಅದನ್ನು ಹಿಂಗಿಸುವ ಏರ್ಪಾಡೂ ನಿತ್ಯದ್ದಾಗಿರತಕ್ಕದ್ದು. ಗದಗ-ಬೆಟಗೇರಿಯ ಧರ್ಮಸಂಸ್ಥೆಗಳೂ ಸೇವಾಸಂಘಗಳೂ ಈ ಮಾತನ್ನು ಒಟ್ಟುಗೂಡಿ ವಿಚಾರಿಸುವ ಕಾಲವು ಬಂದಿದೆ.

ಗದಗದ ಮಗ್ಗುಲಿಗಿರುವ ಮಲ್ಲಸಮುದ್ರವನ್ನೇ ನೋಡಿರಿ. 2015ರಲ್ಲಿ ಪ್ರಾರಂಭವಾದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಅದರ ಆಸ್ಪತ್ರೆಯೂ ಅಲ್ಲಿರುವದರಿಂದ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಕಡೆಯ ಬಡರೈತನಿಗೂ ಕೂಲಿಕಾರನಿಗೂ ಆ ಊರ ದಾರಿಯು ಪರಿಚಿತವಾಗಿದೆ. ರೋಗಿಗೆ ಔಷಧೋಪಚಾರವು ದೊರೆಯುವದು. ಆದರೆ ಅವನ ಜೊತೆಗೆ ಬಂದ ತಾಯಿಯ ಗತಿಯೇನು? ದಿನದ ಕೂಲಿ ತಪ್ಪಿತು. ಎರಡು ಹೊತ್ತಿನ ಊಟಕ್ಕೆ ಸೆರಗಿನ ಗಂಟು ಕರಗಿತು. ರಾತ್ರಿ ಮೈಚಾಚಲು ಜಾಗೆಯನ್ನು ಹುಡುಕಬೇಕಾಯಿತು. ಊರಲ್ಲಿ ಬಿಟ್ಟುಬಂದ ಕಿರಿಯ ಮಗನ ಶಾಲೆಯೂ ತಪ್ಪಿತು. ಹಸಿವೆ, ನಿರಾಶ್ರಯ, ಅವಿದ್ಯೆ ಇವು ಮೂರು ಬೇರೆ ಬೇರೆ ಕಷ್ಟಗಳೆಂದು ನಾವು ಎಣಿಸುತ್ತೇವೆ. ಬಡವನ ಮನೆಗೆ ಅವು ಒಂದೇ ಬಾಗಿಲಿನಿಂದ ಹೊಗುತ್ತವೆ.

ಇವು ಮೂರಕ್ಕೂ ಒಂದೇ ಸೂರಿನಡಿ ಪರಿಹಾರವನ್ನು ಕಂಡ ಸಂಸ್ಥೆಯು ಗದುಗಿನಲ್ಲಿಯೇ ಇರುವದು ನಮ್ಮ ಭಾಗ್ಯ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ಸಂಚರಿಸಿ, ನಾಟಕವಾಡಿಸಿ, ಬಂದುದರಲ್ಲಿ ಅಂಧ ಅನಾಥ ಬಾಲಕರನ್ನು ಸಲಹಿದರು. 1944ರಲ್ಲಿ ಅವರು ಲಿಂಗೈಕ್ಯರಾದ ತರುವಾಯ, ಅಂಧರೇ ಆದ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದ ಭಾರವನ್ನು 2010ರವರೆಗೆ, ಅರುವತ್ತಾರು ವರ್ಷಗಳ ಕಾಲ, ಹೊತ್ತರು. ಭಕ್ತರು ತಮಗೆ ತುಲಾಭಾರ ಮಾಡಿ ಅರ್ಪಿಸಿದ ಹಣವನ್ನು ಅವರು ಆಶ್ರಮದ ಮಕ್ಕಳ ಅನ್ನಕ್ಕೂ ವಿದ್ಯೆಗೂ ವಿನಿಯೋಗಿಸಿದರು. ಆ ಆಶ್ರಮದಲ್ಲಿ ಊಟಮಾಡಿದ ಬಾಲಕನು ಊಟದೊಂದಿಗೆ ನೆಲೆಯನ್ನೂ, ನೆಲೆಯೊಂದಿಗೆ ಸಂಗೀತವಿದ್ಯೆಯನ್ನೂ ಪಡೆದನು. ಬೇಡುವ ಕೈಯು ತಂಬೂರಿಯನ್ನು ಹಿಡಿಯಿತು. ಬಸವರಾಜ ರಾಜಗುರುಗಳಂಥ ಗಾಯಕರು ಪಂಚಾಕ್ಷರಿ ಗವಾಯಿಗಳ ಗರಡಿಯಲ್ಲಿ ಬೆಳೆದವರೆಂಬದನ್ನು ಬಲ್ಲವರು, ಒಂದು ತುತ್ತಿನ ದಾನವು ಎಲ್ಲಿಗೆ ಮುಟ್ಟಬಲ್ಲದೆಂಬದನ್ನೂ ಬಲ್ಲರು. ಉಂಡವನನ್ನು ಮತ್ತೆ ಬೇಡದಂತೆ ಮಾಡುವದೇ ದಾನದ ಪೂರ್ಣತೆ.

ಎರಡನೆಯ ಪಾಠವನ್ನು ಗದಗ ತಾಲೂಕಿನ ಕಣಗಿನಹಾಳವು ಕಲಿಸಿದೆ. ಸಹಕಾರಿ ಪತ್ತಿನ ಸಂಘಗಳ ಕಾನೂನು 1904ರಲ್ಲಿ ಬಂದಿತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಆ ಹಳ್ಳಿಯ ರೈತರು ತಮ್ಮ ಸಂಘವನ್ನು ಕಟ್ಟಿದರು. ಸಾಹುಕಾರನ ಬಡ್ಡಿಗೆ ಸಿಕ್ಕ ರೈತನಿಗೆ ಅವರು ಕನಿಕರವನ್ನಷ್ಟೇ ತೋರಲಿಲ್ಲ. ಸದಸ್ಯತ್ವ, ಲೆಕ್ಕಪತ್ರ, ಪರಸ್ಪರ ಹೊಣೆ ಇವುಗಳ ಮೇಲೆ ಒಂದು ವ್ಯವಸ್ಥೆಯನ್ನು ನಿಲ್ಲಿಸಿದರು. ನಮ್ಮ ಸೇವಾಸಂಘಗಳಲ್ಲಿ ಕನಿಕರಕ್ಕೆ ಕೊರತೆಯಿಲ್ಲ. ಕೊರತೆಯಿರುವದು ಈ ಶಿಸ್ತಿಗೆ.

ಇದೆಲ್ಲ ಸರಕಾರದ ಕೆಲಸವೆಂದು ಕೆಲವರು ಆಕ್ಷೇಪಿಸಬಹುದು. ಅಹುದು, ಸರಕಾರದ ಕರ್ತವ್ಯವನ್ನು ಸರಕಾರವೇ ಮಾಡತಕ್ಕದ್ದು. 2013ರ ಆಹಾರ ಭದ್ರತಾ ಕಾನೂನೂ, ಅದೇ ವರ್ಷದ ಅನ್ನಭಾಗ್ಯವೂ, 2017ರಲ್ಲಿ ತೆರೆದ ಇಂದಿರಾ ಕ್ಯಾಂಟೀನುಗಳೂ ಪ್ರಜೆಯ ಹಕ್ಕೇ ಹೊರತು ಯಾರ ಭಿಕ್ಷೆಯೂ ಅಲ್ಲ. ಸೇವಾಸಂಘಗಳು ಮುಂದೆ ಬಂದುವೆಂದು ಅಧಿಕಾರಿಗಳು ಹಿಂದೆ ಸರಿಯುವದನ್ನು ನಾವು ಒಪ್ಪುವದಿಲ್ಲ. ಆದರೆ ರೇಶನ್ನಿನ ಅಕ್ಕಿಯು ಒಲೆಯುಳ್ಳವನಿಗೆ ಮಾತ್ರ ಅನ್ನವಾಗುವದು. ಒಲೆಯಿಂದ ದೂರ ಬಂದು ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತವಳಿಗೆ ನೆರೆಯವನ ಕೈಯೇ ಬೇಕು. ಕಾನೂನು ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡುತ್ತದೆ. ಯಾರ ಮುಖ ಬಾಡಿದೆಯೆಂಬದನ್ನು ಊರೇ ಕಾಣಬೇಕು.

ಆದುದರಿಂದ ಗದಗ-ಬೆಟಗೇರಿಯ ಮಠ, ಮಸೀದಿ, ಚರ್ಚುಗಳೂ, ಪೇಟೆಯ ವರ್ತಕರೂ, ಮಹಿಳಾ ಸಂಘಗಳೂ, ತರುಣರೂ ಒಂದು ಸಮಿತಿಯನ್ನು ಕಟ್ಟಿಕೊಳ್ಳಲಿ. ಯಾವ ವಾರ ಯಾರ ಅನ್ನಸೇವೆಯೆಂಬದು ಮೊದಲೇ ನಿಶ್ಚಯವಾಗಲಿ. ಸೋಮವಾರ ಮೂರು ಕಡೆಗೆ ಅನ್ನ ಉಳಿದು ಗುರುವಾರ ಎಲ್ಲಿಯೂ ಇಲ್ಲದಂತಾಗುವದು ಬೇಡ. ಮಲ್ಲಸಮುದ್ರದಲ್ಲಿ ರೋಗಿಗಳ ಬಂಧುಗಳಿಗಾಗಿ ಶುಚಿಯಾದ ಧರ್ಮಶಾಲೆಯೊಂದು ಏಳಲಿ. ಹೆಂಗಸರಿಗೆ ಪ್ರತ್ಯೇಕ ಅನುಕೂಲತೆಯಿರಲಿ. ತಾಯಿತಂದೆಗಳ ಜೊತೆಗೆ ಬಂದ ಮಕ್ಕಳಿಗೆ ಅಲ್ಲಿಯೇ ಸಂಜೆಯ ಪಾಠ ನಡೆಯಲಿ. ಪಟ್ಟಣದ ವಿದ್ಯಾರ್ಥಿಗಳು ವಾರಕ್ಕೆರಡು ತಾಸು ಕೊಟ್ಟರೂ ಸಾಕು. ಸಿರಿವಂತರ ದೊಡ್ಡ ಕಾಣಿಕೆಯನ್ನೇ ಕಾಯದೆ, ಮನೆಗೊಂದು ಹಿಡಿ ಜೋಳವನ್ನು ಎತ್ತುವ ಪದ್ಧತಿಯಿರಲಿ. ಹಿಡಿ ಕೊಟ್ಟವನು ಲೆಕ್ಕವನ್ನೂ ಕೇಳುವನು. ಆ ಲೆಕ್ಕವನ್ನು ವರ್ಷಕ್ಕೊಮ್ಮೆ ಬಹಿರಂಗ ಸಭೆಯಲ್ಲಿ ಓದತಕ್ಕದ್ದು. ಅನ್ನ ಕೊಡುವಾಗ ಜಾತಿಯನ್ನು ಕೇಳಬಾರದು. ತಟ್ಟೆ ಹಿಡಿದವನ ಭಾವಚಿತ್ರವನ್ನು ತೆಗೆದು ಮೆರೆಸಲೂ ಬಾರದು. ಬಡವನ ಮಾನವು ಅವನ ಕೊನೆಯ ಆಸ್ತಿ. ದಾನದ ಹೆಸರಿನಲ್ಲಿ ಅದನ್ನು ಕಸಿಯುವ ಅಧಿಕಾರವು ಯಾರಿಗೂ ಇಲ್ಲ.

ದಾಸೋಹವೆಂಬ ಶಬ್ದವನ್ನು ಲೋಕಕ್ಕೆ ಕೊಟ್ಟ ನಾಡು ನಮ್ಮದು. ಮುಂಡರಗಿಯಲ್ಲಿ ಒಂದು ಮಠವು ಅನ್ನದಾನೀಶ್ವರನ ಹೆಸರನ್ನೇ ಹೊತ್ತು ನಿಂತಿದೆ. ಇಂಥ ಸೀಮೆಯಿಂದ ಮಲ್ಲಸಮುದ್ರಕ್ಕೆ ಬಂದ ತಾಯಿಯೊಬ್ಬಳು ಉಪವಾಸ ಮಲಗಿದರೆ ಆ ಕೊರತೆಯು ಅವಳದಲ್ಲ, ನಮ್ಮೆಲ್ಲರದು. ಪಟ್ಟಣದ ಹಿರಿಯರು ಬರುವ ಬೇಸಗೆಯೊಳಗಾಗಿ ಒಂದೆಡೆ ಕೂಡಿ ಈ ಕಾರ್ಯಕ್ಕೆ ತೊಡಗುವರೆಂದು ಆಶಿಸುತ್ತೇವೆ.