ಹೂವಿನ ಅಹಿಂಸೆ, ತಕ್ಕಡಿಯ ಅಹಿಂಸೆ

ಅಹಿಂಸೆ ಈ ಕಾಲಕ್ಕೂ ಸಲ್ಲುವುದೇ ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮ ತರುಣರು 2006ರಲ್ಲಿ ತೆರೆಕಂಡ 'ಲಗೇ ರಹೋ ಮುನ್ನಾಭಾಯಿ' ಎಂಬ ಹಿಂದಿ ಚಿತ್ರವನ್ನು ಮುಂದೊಡ್ಡುತ್ತಾರೆ. ರೌಡಿಯ ಬಾಯಿಂದ ಧರ್ಮೋಪದೇಶ ಕೇಳುವ ದುರ್ಗತಿ ಜೈನರಿಗಿನ್ನೂ ಬಂದಿಲ್ಲವೆಂದು ಹಿರಿಯ ಶ್ರಾವಕರು ಮುಖ ತಿರುಗಿಸುತ್ತಾರೆ. ಇಬ್ಬರ ಮಾತೂ ನನಗೆ ಒಪ್ಪಿಗೆಯಿಲ್ಲ.

ರಾಜಕುಮಾರ ಹಿರಾನಿಯವರ ಆ ಚಿತ್ರದಲ್ಲಿ ಮನೆ ಕಬಳಿಸಿದವನಿಗೆ ಹೂ ಕಳಿಸುವ ಸತ್ಯಾಗ್ರಹವಿದೆ. ಜನ ಹಿಡಿದುಕೊಂಡದ್ದು ಅದನ್ನೇ. 'ಗಾಂಧಿಗಿರಿ' ಎಂಬ ಶಬ್ದ ಬಳಕೆಗೆ ಬಂತು. ಅಧಿಕಾರಿಗಳ ಕೈಗೆ ಗುಲಾಬಿ ಕೊಟ್ಟು ಭಾವಚಿತ್ರ ತೆಗೆಸಿಕೊಂಡದ್ದೂ ಆಯಿತು. ಚಿತ್ರದ ತಿರುಳು ಬೇರೆಡೆಗಿದೆ. ಪ್ರೊಫೆಸರನೆಂದು ಸುಳ್ಳು ಹೇಳಿ ಒಬ್ಬಳ ಪ್ರೀತಿ ಗಳಿಸಿದ ನಾಯಕನಿಗೆ, ಮೊದಲು ನಿನ್ನ ಸುಳ್ಳನ್ನು ಒಪ್ಪಿಕೋ ಎಂದು ಗಾಂಧೀಜಿ ಹೇಳುತ್ತಾರೆ. ಅವಳು ಕೈತಪ್ಪುವಳೆಂದು ಬಲ್ಲವನಾಗಿಯೂ ಆತ ಒಪ್ಪಿಕೊಳ್ಳುತ್ತಾನೆ. ನಷ್ಟವಿರುವ ಈ ಭಾಗವನ್ನು ಅನುಕರಿಸಿದವರನ್ನು ನಾನು ಕಂಡಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಪೇಟೆಗಳಲ್ಲಿ ವ್ಯಾಪಾರ ಮಾಡುವ ನಮ್ಮವರಿಗೆ ಸೂರ್ಯಾಸ್ತದೊಳಗಿನ ಊಟದಲ್ಲಿ, ಸೋಸಿದ ನೀರಿನಲ್ಲಿ, ಗಡ್ಡೆಗೆಣಸಿನ ತ್ಯಾಗದಲ್ಲಿ ಬಹು ನಿಷ್ಠೆ. ತೊಗರಿಯ ಸುಗ್ಗಿಯಲ್ಲಿ ರೈತನ ಚೀಲ ತೂಕಕ್ಕೇರಿದಾಗ ಆ ನಿಷ್ಠೆ ಎಲ್ಲಿರುತ್ತದೆ? ಚೀಲಕ್ಕಿಷ್ಟೆಂದು ಸೂಟು ಮುರಿದುಕೊಳ್ಳುತ್ತೇವೆ. ಮಾದರಿಯೆಂದು ಬೊಗಸೆ ತುಂಬ ತೆಗೆದ ಕಾಳನ್ನು ಮರಳಿಸುವುದಿಲ್ಲ. ವಿದ್ಯುನ್ಮಾನ ಯಂತ್ರ ಸರಿಯಾಗಿ ತೋರಿಸಿದ್ದನ್ನೂ ಚೀಟಿಯಲ್ಲಿ ಕಡಿಮೆ ಬರೆಯುತ್ತೇವೆ. ಕೇಳಿದರೆ, ಉದ್ಯೋಗೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯವೆಂದು ಶಾಸ್ತ್ರದ ಮರೆ ಹೊಗುತ್ತೇವೆ. ನನ್ನ ಅಡತಿ ಅಂಗಡಿಯಲ್ಲಿ ಹಲವು ವರ್ಷ ನಾನೂ ಹೀಗೆ ಹೊಕ್ಕವನೇ. ಆ ಮರೆ ಎಷ್ಟು ತೆಳುವೆಂದು ಬಲ್ಲೆ.

ಜೀವನೋಪಾಯದಲ್ಲಿ ಎಚ್ಚರವಹಿಸಿಯೂ ತಪ್ಪದ ಜೀವಹಾನಿಗೆ ಉದ್ಯೋಗೀ ಹಿಂಸೆಯೆಂದು ಹೆಸರು. ತೂಕದ ಮೋಸಕ್ಕೆ ಆ ವಿನಾಯಿತಿ ಇಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಅಳತೆ ತೂಕಗಳ ಹೆಚ್ಚುಕಡಿಮೆಯನ್ನೂ ಕಲಬೆರಕೆಯನ್ನೂ ಎಣಿಸಿದೆ. ಅದೇ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಅತಿಭಾರವನ್ನು ಎತ್ತಿಗೆ ಕತ್ತೆಗೆ ಮಾತ್ರ ಅನ್ವಯಿಸಿ, ನೂರು ಕಿಲೋದ ಚೀಲ ಬೆನ್ನಿಗೇರಿಸಿ ಲಾರಿಯ ಹಲಗೆ ಹತ್ತುವ ಹಮಾಲನನ್ನು ನಾವು ಲೆಕ್ಕದ ಹೊರಗಿಟ್ಟೆವು.

ಎಲ್ಲರೂ ಸೂಟು ಹಿಡಿಯುವಾಗ ಒಬ್ಬನೇ ಬಿಟ್ಟರೆ ಅಂಗಡಿ ಮುಚ್ಚಬೇಕಾದೀತೆಂಬುದು ನಮ್ಮವರ ಕೊನೆಯ ವಾದ. ಬಿಟ್ಟ ವರ್ಷ ನನ್ನ ಲಾಭ ಇಳಿದದ್ದು ನಿಜ, ಅಂಗಡಿ ಮುಚ್ಚಲಿಲ್ಲ. 1891ರಲ್ಲಿ ಮುಂಬಯಿಯಲ್ಲಿ ಗಾಂಧೀಜಿಗೆ ಭೇಟಿಯಾಗಿ ಅವರ ಮನಸ್ಸನ್ನು ಗೆದ್ದ ಶ್ರೀಮದ್ ರಾಜಚಂದ್ರರು ಮುನಿಗಳಲ್ಲ, ರತ್ನವ್ಯಾಪಾರಿ. ಆತ್ಮಕಥೆಯಲ್ಲಿ ಅವರಿಗೆಂದೇ ಒಂದು ಅಧ್ಯಾಯವಿದೆ. ವ್ಯವಹಾರ ಮುಗಿದೊಡನೆ ಧರ್ಮಗ್ರಂಥವನ್ನೋ ದಿನಚರಿಯನ್ನೋ ತೆರೆಯುತ್ತಿದ್ದ ಆ ವಣಿಕನನ್ನು ಕಂಡು ಗಾಂಧೀಜಿ ಬೆರಗಾದರು. ನಮ್ಮ ಜಿಲ್ಲೆಯ ಆಲಮಟ್ಟಿಯಲ್ಲಿಯೇ 'ಕರ್ನಾಟಕದ ಗಾಂಧಿ' ಹರ್ಡೇಕರ ಮಂಜಪ್ಪನವರು ಆಶ್ರಮ ಕಟ್ಟಿ ಬಾಳಿದರು. ಅಹಿಂಸೆಯ ಮಾದರಿಗಾಗಿ ನಾವು ಮುಂಬಯಿಯ ಚಿತ್ರಕ್ಕೆ ಕಾಯಬೇಕಾಗಿರಲಿಲ್ಲ.

ಬರುವ ದಶಲಕ್ಷಣ ಪರ್ವದ ಉತ್ತಮ ಸತ್ಯದ ದಿನ ನಾಲ್ಕೂ ತಾಲೂಕುಗಳ ನಮ್ಮ ಅಡತಿಗಳು ಬಸದಿಯಲ್ಲಿ ಕುಳಿತು ಸೂಟು ಬಿಡುವ ನಿಯಮ ತೆಗೆದುಕೊಳ್ಳಲಿ. ಆ ನಿಯಮವನ್ನು ತೂಕದ ಯಂತ್ರದ ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಲಿ. ಓದಲು ಬಾರದ ರೈತನಿಗೆ ಅಂಗಡಿಯ ಯಜಮಾನನೇ ಎದ್ದು ಬಂದು ಓದಿ ಹೇಳಲಿ.