ವೋಲ್ಗಾ ಹುಟ್ಟೋ ಹಳ್ಳಿ 'ನಗರ'ದಲ್ಲಿದೆಯಂತೆ!

ಬೀದರಿನಲ್ಲಿ ಓದಿದವರಿಗೆ ಅಫನಾಸಿ ನಿಕಿತಿನ್ ಹೆಸರು ಒಂದಲ್ಲ ಒಂದು ಸಲ ಕಿವಿಗೆ ಬಿದ್ದೇ ಇರುತ್ತೆ. ಬಹಮನಿಗಳ ಕಾಲದಲ್ಲಿ, ಅಂದ್ರೆ 1470ರ ಆಸುಪಾಸಿನಲ್ಲಿ, ಕುದುರೆ ಮಾರೋಕೆ ಅಂತ ಬಂದು ಬೀದರಿನ ಸಂತೆ, ಆನೆ, ಸುಲ್ತಾನನ ಮೆರವಣಿಗೆ ಎಲ್ಲವನ್ನೂ ಬರೆದಿಟ್ಟು ಹೋದ ರಷ್ಯದ ವ್ಯಾಪಾರಿ. ಪಾಪ, ಊರು ಮುಟ್ಟಲಿಲ್ಲ. ವಾಪಸ್ ಹೋಗೋ ದಾರಿಯಲ್ಲಿ ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ.

ಅವನ ಊರು ತ್ವೇರ್. ವೋಲ್ಗಾ ದಂಡೆಯಲ್ಲಿ 1955ರಲ್ಲಿ ಅವನಿಗೊಂದು ಪ್ರತಿಮೆ ನಿಲ್ಲಿಸಿದ್ದಾರೆ. ಆ ಪ್ರತಿಮೆ ಎಲ್ಲಿದೆ ಅಂತ ಮ್ಯಾಪಿನಲ್ಲಿ ಹುಡುಕೋಕೆ ಹೋದವನು ತ್ವೇರ್ ಪ್ರಾಂತ್ಯದ ಹಳ್ಳಿ, ಕೆರೆ, ಆಡಳಿತ ಎಲ್ಲ ಕೆದಕುತ್ತಾ ಕೂತುಬಿಟ್ಟೆ. ಕೆದಕಿದ ಮೇಲೆ ಒಂದು ವಿಷಯ ತಲೆ ಕೊರೀತಾ ಇದೆ. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಸ್ವಲ್ಪ ಭೂಗೋಳ. ತ್ವೇರ್ ಒಬ್ಲಾಸ್ತ್ (ಪ್ರಾಂತ್ಯ ಅಂತಿಟ್ಟುಕೊಳ್ಳಿ) ಮಾಸ್ಕೋ ಮತ್ತು ಪೀಟರ್ಸ್‌ಬರ್ಗ್ ನಡುವೆ ಇದೆ. ವಿಸ್ತೀರ್ಣ ಸುಮಾರು 84,200 ಚದರ ಕಿ.ಮೀ. ನಮ್ಮ ಬೀದರ್ ಜಿಲ್ಲೆಯಂಥವು ಹದಿನೈದು ಹಿಡಿಸುತ್ತೆ! ಜನ? 2021ರ ಜನಗಣತಿಯಲ್ಲಿ ಸುಮಾರು 12.3 ಲಕ್ಷ. ಬೀದರ್ ಜಿಲ್ಲೆಯೊಂದರಲ್ಲೇ 2011ರಲ್ಲಿ 17 ಲಕ್ಷ ಜನ ಇದ್ರು. ಆ 12 ಲಕ್ಷದಲ್ಲೂ ಮೂರರಲ್ಲೊಂದು ಪಾಲು ತ್ವೇರ್ ಪಟ್ಟಣದಲ್ಲೇ. ಉಳಿದದ್ದು ಕಾಡು, ಜೌಗು, ಸೆಲಿಗೆರ್‌ನಂಥ ಸರೋವರಗಳು, ಮತ್ತೆ ಸಾವಿರಾರು ಪುಟ್ಟ ಹಳ್ಳಿಗಳು. 2010ರ ಗಣತಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮ್ಯಾಪಿನಲ್ಲಿ ಹೆಸರಿದೆ, ಊರಲ್ಲಿ ಜನ ಇಲ್ಲ.

ಈಗ ಆಡಳಿತದ ಕಥೆ. ನಿಕಿತಿನ್ ಹೊರಟಾಗ ತ್ವೇರ್ ಸ್ವತಂತ್ರ ಸಂಸ್ಥಾನ. 1485ರಲ್ಲಿ ಮಾಸ್ಕೋದ ಮೂರನೇ ಇವಾನ್ ಅದನ್ನು ನುಂಗಿದ. ಆಮೇಲಿಂದ ಗೆರೆ ಎಳೆಯೋರು, ಅಳಿಸೋರು ಎಲ್ಲ ಮಾಸ್ಕೋ ಅಥವಾ ಪೀಟರ್ಸ್‌ಬರ್ಗಿನಲ್ಲೇ. 1929ರಲ್ಲಿ ಪ್ರಾಂತ್ಯವನ್ನೇ ರದ್ದು ಮಾಡಿ ಅಕ್ಕಪಕ್ಕದವರಿಗೆ ಹಂಚಿದರು. 1931ರಲ್ಲಿ ಪಟ್ಟಣದ ಹೆಸರನ್ನು ಕಲೀನಿನ್ ಅಂತ ಬದಲಾಯಿಸಿದರು. ಆ ಮಿಖಾಯಿಲ್ ಕಲೀನಿನ್ ಆಗಿನ್ನೂ ಬದುಕಿದ್ದ! 1935ರಲ್ಲಿ ಕಲೀನಿನ್ ಒಬ್ಲಾಸ್ತ್ ಅಂತ ಹೊಸದಾಗಿ ಮಾಡಿದರು. 1944ರಲ್ಲಿ ಪಶ್ಚಿಮದ ತುಂಡು ಕಿತ್ತುಕೊಂಡರು, 1957ರಲ್ಲಿ ಸ್ವಲ್ಪ ವಾಪಸ್ ಕೊಟ್ಟರು. 1990ರಲ್ಲಿ ಮತ್ತೆ ತ್ವೇರ್ ಅನ್ನೋ ಹೆಸರು ಬಂತು.

ಗೆರೆ ತಾನೇ, ಎಲ್ಲಿದ್ದರೇನು ಅಂತೀರಾ? ಅಲ್ಲಿನ ಕರೇಲಿಯನ್ನರನ್ನು ನೋಡಿ. ಹದಿನೇಳನೇ ಶತಮಾನದಲ್ಲಿ ವಲಸೆ ಬಂದು ನೆಲೆಸಿದ, ತಮ್ಮದೇ ಭಾಷೆ ಇರೋ ಜನ. 1926ರಲ್ಲಿ ಸುಮಾರು 1.4 ಲಕ್ಷ ಇದ್ದರು. 1937ರಲ್ಲಿ ಲಿಖೋಸ್ಲಾವ್ಲ್ ಕೇಂದ್ರವಾಗಿ ಅವರಿಗೊಂದು ಸ್ವಂತ ಜಿಲ್ಲೆ ಮಾಡಿಕೊಟ್ಟರು. ಎರಡೇ ವರ್ಷ! 1939ರಲ್ಲಿ ಅದು ರದ್ದು, ಭಾಷೆಗಾಗಿ ದುಡಿದವರ ಬಂಧನ. 2010ರ ಗಣತಿಯಲ್ಲಿ ತಮ್ಮನ್ನು ಕರೇಲಿಯನ್ ಅಂತ ಬರೆಸಿಕೊಂಡವರು ಸುಮಾರು 7,400. ಜಿಲ್ಲೆ ಹೋದದ್ದೊಂದೇ ಇದಕ್ಕೆ ಕಾರಣ ಅಲ್ಲ. ಯುದ್ಧ, ಪಟ್ಟಣಕ್ಕೆ ವಲಸೆ ಎಲ್ಲ ಸೇರಿದೆ. ಆದರೆ ಸ್ವಂತ ಆಫೀಸು, ಸ್ವಂತ ಶಾಲೆ ಇಲ್ಲದ ಭಾಷೆ ಎಷ್ಟು ದಿನ ಅಂತ ತಡೆಯುತ್ತೆ?

ಇತ್ತೀಚಿನದ್ದಕ್ಕೆ ಬರೋಣ. 2003ರಲ್ಲಿ ರಷ್ಯ ಒಂದು ಒಳ್ಳೆ ಕಾನೂನು ಮಾಡಿತ್ತು. ಕೆಲವು ಹಳ್ಳಿಗಳಿಗೊಂದರಂತೆ, ನಮ್ಮ ಗ್ರಾಮ ಪಂಚಾಯ್ತಿ ಥರ, ಚುನಾಯಿತ ಸಭೆ. ಆದರೆ ದುಡ್ಡು ಮಾತ್ರ ಮೇಲಿನವರ ಕೈಯಲ್ಲೇ ಉಳಿಯಿತು. ಆಮೇಲೆ "ಇವು ನಡೆಯೋದಿಲ್ಲ, ಖರ್ಚು ದಂಡ" ಅಂತ ಒಂದೊಂದಾಗಿ ಸೇರಿಸೋಕೆ ಶುರು. 2017ರಲ್ಲಿ ಒಸ್ತಾಷ್ಕೋವ್ ಜಿಲ್ಲೆಯ ಊರೂರಿನ ಸಭೆಗಳೆಲ್ಲ ಹೋಗಿ ಇಡೀ ಜಿಲ್ಲೆ ಒಂದೇ 'ನಗರ ಓಕ್ರುಗ್' ಆಯಿತು. ವೋಲ್ಗಾ ನದಿ ಹುಟ್ಟೋ ವೋಲ್ಗೊವೆರ್ಖೊವ್ಯೆ ಅನ್ನೋ ಕಾಡಿನ ಕುಗ್ರಾಮ ಇರೋದು ಇದೇ ಜಿಲ್ಲೆಯಲ್ಲಿ. ಅದೂ ಕಾಗದದ ಮೇಲೆ ನಗರದ ಪಾಲಾಯ್ತು :-) ಈ ಥರ ಕಾಡುಗಳೆಲ್ಲ ನಗರ ಆಗ್ತಾ ಇದ್ದದ್ದಕ್ಕೋ ಏನೋ, 2019ರಲ್ಲಿ 'ಮುನಿಸಿಪಲ್ ಓಕ್ರುಗ್' ಅನ್ನೋ ಹೊಸ ಹೆಸರನ್ನು ಕಾನೂನಿಗೆ ಸೇರಿಸಿದರು. ಬೋರ್ಡು ಬದಲಾಯ್ತು ಅಷ್ಟೆ, ಹಳ್ಳಿಯ ಸಭೆ ವಾಪಸ್ ಬರಲಿಲ್ಲ. 2025ರ ಹೊಸ ಕಾನೂನಂತೂ ಒಂದೇ ಹಂತದ ಸ್ಥಳೀಯ ಆಡಳಿತವನ್ನೇ ಮಾದರಿ ಮಾಡಿದೆ. ಕೆಲವು ಪ್ರಾಂತ್ಯಗಳು ಹಟ ಹಿಡಿದದ್ದರಿಂದ ಎರಡು ಹಂತ ಉಳಿಸಿಕೊಳ್ಳೋ ಅವಕಾಶ ಸಿಕ್ಕಿದೆ.

ಖರ್ಚಿನ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಐವತ್ತು ಮನೆಗೊಂದು ಆಫೀಸು ಅಂದ್ರೆ ಬಂದ ದುಡ್ಡು ಸಂಬಳಕ್ಕೇ ಸರಿಹೋಗುತ್ತೆ. ಆದರೆ ಲೆಕ್ಕ ಹಾಕೋ ರೀತಿಯಲ್ಲೇ ಒಂದು ತಪ್ಪಿದೆ. ಬೇಸಿಗೆ ಬಂದ್ರೆ ಮಾಸ್ಕೋ ಜನ ಈ ಹಳ್ಳಿಗಳ ತಮ್ಮ ದಾಚಾ ಮನೆಗಳಿಗೆ ಬರ್ತಾರೆ. ಆಲೂಗಡ್ಡೆ ಹಾಕ್ತಾರೆ, ಸೂರು ಸರಿಮಾಡ್ತಾರೆ. ಅವರ ಹೆಸರು ನೋಂದಣಿ ಆಗಿರೋದು ಮಾಸ್ಕೋದಲ್ಲಿ. ಹಾಗಾಗಿ ಲೆಕ್ಕದಲ್ಲಿ ಹಳ್ಳಿ ಖಾಲಿ! ಖಾಲಿ ಅಂತ ಸಭೆ ತೆಗೆದರೆ ರಸ್ತೆ ಕೇಳೋರಿಲ್ಲ, ರಸ್ತೆ ಇಲ್ಲ ಅಂತ ಉಳಿದ ನಾಲ್ಕು ಮುದುಕರೂ ಮಗಳ ಮನೆಗೆ ಹೋಗ್ತಾರೆ. ಆಮೇಲೆ ಹಳ್ಳಿ ನಿಜವಾಗ್ಲೂ ಖಾಲಿ.

ಇನ್ನು ಮೇಲಿನವರು ಯಾರ ಮಾತು ಕೇಳ್ತಾರೆ? 2004ರ ಕೊನೆಯಿಂದ 2012ರವರೆಗೆ ಗವರ್ನರ್‌ಗಳನ್ನು ಜನ ನೇರವಾಗಿ ಆರಿಸೋ ಹಾಗೇ ಇರಲಿಲ್ಲ. 2010ರಲ್ಲಿ ತ್ವೇರಿನ ಗವರ್ನರ್ ಆಗಿದ್ದ ದ್ಮಿತ್ರಿ ಜೆಲೆನಿನ್, ಕ್ರೆಮ್ಲಿನ್ ಔತಣದಲ್ಲಿ ತಮ್ಮ ತಟ್ಟೆಗೆ ಬಂದ ಎರೆಹುಳದ ಫೋಟೋ ಟ್ವಿಟರಿಗೆ ಹಾಕಿದರು. ಮಾಸ್ಕೋಗೆ ಕೆಂಡದಂಥ ಕೋಪ. ಬುದ್ಧಿಗೇಡಿತನಕ್ಕೂ ಗವರ್ನರ್‌ಗಳನ್ನು ವಜಾ ಮಾಡೋ ಕಲಮು ಬೇಕು ಅನ್ನೋ ಅರ್ಥದ ಮಾತು ಕ್ರೆಮ್ಲಿನ್ ಕಡೆಯಿಂದಲೇ ಬಂತು. ಕ್ರೆಮ್ಲಿನ್ನಿನ ಒಂದು ಹುಳಕ್ಕೆ ಇಷ್ಟು ಗದ್ದಲ! ಖಾಲಿಯಾದ ಎರಡು ಸಾವಿರ ಹಳ್ಳಿಗೆ ಇದರ ಅರ್ಧ ಗದ್ದಲ ಆಗಿದ್ರೂ ಸಾಕಿತ್ತು.

ನನ್ನ ಅನಿಸಿಕೆ ಇಷ್ಟೇ. ಆಫೀಸುಗಳನ್ನು ಬೇಕಾದ್ರೆ ಸೇರಿಸಲಿ, ಲೆಕ್ಕಪತ್ರ ಒಂದೇ ಕಡೆ ಬರೀಲಿ. ಆದರೆ ಹತ್ತೇ ಮನೆ ಇರೋ ಊರಿಗೂ ಅಲ್ಲಿನವರೇ ಆರಿಸಿದ ಒಬ್ಬ ಮನುಷ್ಯ ಇರಬೇಕು, ಅವನ ಕೈಯಲ್ಲಿ ಸ್ವಲ್ಪ ದುಡ್ಡಿರಬೇಕು. ಊರು ಚಿಕ್ಕದಾಯ್ತು ಅಂತ ದನಿಯನ್ನೂ ಕಿತ್ತುಕೊಳ್ಳೋದು ನ್ಯಾಯ ಅಲ್ಲ. ಮೂರೂವರೆ ಸಾವಿರ ಕಿಲೋಮೀಟರ್ ಹರಿಯೋ ವೋಲ್ಗಾ ಕೂಡ ಶುರುವಾಗೋದು ಆ ಹಳ್ಳಿಯ ಪಕ್ಕದ ಒಂದು ಸಣ್ಣ ಒರತೆಯಿಂದಲೇ ಅಲ್ವಾ?

ನೀವೇನಂತೀರಿ?